ಎದೆಯುರಿಯ ಗುಳಿಗೆಯೂ ಶ್ರಾವಕರ ಊಟದ ವೇಳೆಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಜೈನ ಪರಂಪರೆಯಲ್ಲಿ ವಿಶೇಷ ಸ್ಥಾನವಿರುವುದು ಸರ್ವವಿದಿತ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥವನ್ನು ರಚಿಸಿ, ರೋಗ ನಿವಾರಣೆಗೆ ಮಾಂಸದ ಅವಶ್ಯಕತೆಯಿಲ್ಲವೆಂದು ಅದರಲ್ಲಿ ವಾದಿಸಿದರು. ಆ ಗ್ರಂಥವು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಡನೆ 1940ರಲ್ಲಿ ಸೋಲಾಪುರದಿಂದಲೇ ಪ್ರಕಟವಾಯಿತೆಂಬುದು ಈ ಸೀಮೆಯ ಸಮಾಜಬಾಂಧವರಿಗೆ ಅಭಿಮಾನದ ಸಂಗತಿ. ಅಂದು ಔಷಧ ದೊರೆಯುವುದೇ ದುರ್ಲಭವಾಗಿತ್ತು. ಇಂದು ಬೀದಿಗೆರಡು ಔಷಧದ ಅಂಗಡಿಗಳಿವೆ. ಕಷ್ಟವಿರುವುದು ತಂದ ಔಷಧವನ್ನು ಕ್ರಮವರಿತು ಸೇವಿಸುವುದರಲ್ಲಿ. ಮನೆಮನೆಯ ಗೂಡಿನಲ್ಲಿ ಕಾಣಸಿಗುವ ಎದೆಯುರಿಯ ಗುಳಿಗೆಯೇ ಇದಕ್ಕೆ ತಕ್ಕ ನಿದರ್ಶನ.

ಅಕ್ಕಲಕೋಟೆಯ ಕಡೆಯ ಒಬ್ಬ ಹಿರಿಯ ಶ್ರಾವಕರ ಪ್ರಸಂಗವನ್ನು ಇಲ್ಲಿ ಹೇಳಬಹುದು. ಅರವತ್ತೇಳರ ವಯಸ್ಸು, ಬಟ್ಟೆಯ ವ್ಯಾಪಾರ, ಮೂವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗ. ಎದೆಯುರಿ, ಹುಳಿತೇಗುಗಳಿಗೆಂದು ವೈದ್ಯರು ಬರೆದುಕೊಟ್ಟ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಗುಳಿಗೆಯನ್ನು ಅವರು ಒಂದು ದಿನವೂ ತಪ್ಪದೆ ನುಂಗುತ್ತಿದ್ದರು. ಗುಳಿಗೆಯ ಡಬ್ಬಿ ಊಟದ ಮಣೆಯ ಪಕ್ಕದಲ್ಲೇ ಇರುತ್ತಿತ್ತು. ರೊಟ್ಟಿ, ಶೇಂಗಾ ಚಟ್ನಿ, ಪಲ್ಯ, ಅನ್ನ ಮುಗಿದು ಕೈ ತೊಳೆದ ಮೇಲೆ ಒಂದು ಗುಳಿಗೆ, ಮೇಲೊಂದು ಲೋಟ ಕಾಯಿಸಿ ಆರಿಸಿದ ನೀರು. ಆರು ತಿಂಗಳು ಹೀಗೆ ನಡೆದರೂ ಉರಿ ಅರ್ಧಕ್ಕಿಂತ ಹೆಚ್ಚು ಇಳಿಯಲಿಲ್ಲ. ಅವರು ಔಷಧವನ್ನು ಬೈದರು, ಕಂಪನಿಯನ್ನು ಬೈದರು, ಎರಡು ಬಾರಿ ಗುಳಿಗೆಯ ಹೆಸರು ಬದಲಾಯಿತು. ಆ ವರ್ಷದ ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಏಕಾಶನದ ನಿಯಮ ಹಿಡಿದು, ವ್ರತದಲ್ಲಿ ಔಷಧವೇಕೆಂದು ಗುಳಿಗೆಯನ್ನೂ ಬಿಟ್ಟರು. ನಾಲ್ಕನೆಯ ರಾತ್ರಿಯಿಂದ ಮಲಗಲಾಗಲಿಲ್ಲ. ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದರು. ಪರ್ವ ಮುಗಿದ ಮೇಲೆ ಕಂಡ ಬೇರೆ ವೈದ್ಯರು ಹೊಸ ಔಷಧವನ್ನೇನೂ ಬರೆಯಲಿಲ್ಲ. “ಗುಳಿಗೆ ಯಾವಾಗ ತಗೋತೀರಿ?” ಎಂದು ಮಾತ್ರ ಕೇಳಿದರು.

ಈ ಪ್ರಶ್ನೆಯ ಮಹತ್ವ ತಿಳಿಯಬೇಕಾದರೆ ಜಠರದ ಕೆಲಸವನ್ನು ಸ್ವಲ್ಪ ತಿಳಿಯಬೇಕು. ಅನ್ನವನ್ನು ಪಚನ ಮಾಡಲು ಜಠರದ ಒಳಪದರದ ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತವೆ. ಈ ತೀಕ್ಷ್ಣವಾದ ಆಮ್ಲವನ್ನು ತಡೆದುಕೊಳ್ಳುವ ಲೋಳೆಯ ಕವಚ ಜಠರಕ್ಕಿದೆ, ಅನ್ನನಾಳಕ್ಕಿಲ್ಲ. ಇವೆರಡರ ನಡುವೆ ಸ್ನಾಯುವಿನ ಒಂದು ಕವಾಟವಿದ್ದು, ಅದು ಸಡಿಲವಾದಾಗ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಅದೇ ಎದೆಯುರಿ. ಹೀಗಾಗಿ ರೋಗದ ಮೂಲ ಬಹುಮಟ್ಟಿಗೆ ಕವಾಟದಲ್ಲಿದ್ದರೂ ಔಷಧವು ಹಿಡಿಯುವುದು ಆಮ್ಲವನ್ನು. ಗುಳಿಗೆಯು ಕವಾಟವನ್ನು ದುರಸ್ತಿ ಮಾಡುವುದಿಲ್ಲ, ಮೇಲೇರುವ ರಸದ ಖಾರವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಇದನ್ನು ಮೊದಲೇ ಅರಿತವರಿಗೆ ಔಷಧದ ಮೇಲೆ ಅತಿಯಾದ ಭರವಸೆಯೂ ಇರುವುದಿಲ್ಲ, ಅನಂತರದ ಸಿಟ್ಟೂ ಇರುವುದಿಲ್ಲ.

ಆಮ್ಲವನ್ನು ಹಿಡಿಯುವ ಔಷಧಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯವು ಅಲ್ಯುಮಿನಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ ಲವಣಗಳಿಂದಾದ, ಬಾಟಲಿಯಲ್ಲಿ ಬರುವ ಬಿಳಿಯ ಔಷಧ ಅಥವಾ ಜಗಿಯುವ ಮಾತ್ರೆಗಳು. ಉತ್ಪತ್ತಿಯಾಗಿರುವ ಆಮ್ಲವನ್ನು ಇವು ಆ ಕ್ಷಣಕ್ಕೆ ಶಮನಗೊಳಿಸುತ್ತವೆ. ಬರಿಹೊಟ್ಟೆಯಲ್ಲಿ ಕುಡಿದರೆ ಬೇಗ ಮುಂದಕ್ಕೆ ಸಾಗಿಹೋಗುತ್ತವೆ. ಊಟವಾದ ಸುಮಾರು ಒಂದು ಗಂಟೆಯ ಮೇಲೆ ಕುಡಿದರೆ ಎರಡು ಮೂರು ಗಂಟೆ ಉಪಶಮನ ದೊರೆಯುತ್ತದೆ. ನೊರೆಯುಕ್ಕುವ ಸೋಡಾಪುಡಿಯೂ ಇದೇ ಜಾತಿಯದು, ಆದರೆ ಅದರಲ್ಲಿ ಸೋಡಿಯಂ ಹೇರಳವಾಗಿರುವುದರಿಂದ ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡದ ತೊಂದರೆಯುಳ್ಳವರಿಗೆ ಸಲ್ಲದು. ಎರಡನೆಯ ಬಗೆ ರಾನಿಟಿಡಿನ್, ಫ್ಯಾಮೊಟಿಡಿನ್ ಮೊದಲಾದವು. ಈ ಮಾರ್ಗವನ್ನು ತೋರಿದ ಸರ್ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಇವುಗಳಲ್ಲಿ ರಾನಿಟಿಡಿನ್ ಗುಳಿಗೆಗಳಲ್ಲಿ ಹಾನಿಕರ ಕಲ್ಮಶ ಉಂಟಾಗುತ್ತದೆಂದು ತಿಳಿದ ಮೇಲೆ ಅಮೆರಿಕದಲ್ಲಿ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಸಲಾಯಿತು. ಭಾರತ ಸರ್ಕಾರದ 2022ರ ಅತ್ಯವಶ್ಯಕ ಔಷಧಗಳ ಪಟ್ಟಿಯಿಂದಲೂ ಅದು ಹೊರಬಿತ್ತು. ಹಳೆಯ ಚೀಟಿಯನ್ನೇ ಹಿಡಿದು ಅದನ್ನು ತರಿಸುತ್ತಿರುವವರು ವೈದ್ಯರನ್ನೊಮ್ಮೆ ವಿಚಾರಿಸಬೇಕು.

ಮೂರನೆಯ ಬಗೆಯೇ ಇಂದು ಎಲ್ಲೆಡೆ ಬಳಕೆಯಲ್ಲಿರುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್ ಎಂಬ ‘ಪ್ರಜೋಲ್’ ಕುಟುಂಬ. ಇವುಗಳ ನಡತೆ ವಿಚಿತ್ರವಾದುದು. ಆಮ್ಲವನ್ನು ತಡೆಯಬೇಕಾದ ಈ ಔಷಧಕ್ಕೆ ಆಮ್ಲವೇ ವೈರಿ. ಜಠರದಲ್ಲಿ ಕರಗಿದರೆ ಅಲ್ಲೇ ನಾಶವಾಗುತ್ತದೆ. ಆದ್ದರಿಂದ ಅದಕ್ಕೆ ಆಮ್ಲದಲ್ಲಿ ಕರಗದ ಲೇಪನ ಕೊಟ್ಟಿರುತ್ತಾರೆ. ಗುಳಿಗೆ ಜಠರವನ್ನು ದಾಟಿ ಸಣ್ಣ ಕರುಳಿನಲ್ಲಿ ಕರಗಿ, ರಕ್ತದ ಮೂಲಕ ಸುತ್ತಿಬಂದು, ಆಮ್ಲವನ್ನು ಹೊರಹಾಕುವ ಕೋಶಗಳಲ್ಲಿನ ಸೂಕ್ಷ್ಮ ಪಂಪುಗಳಿಗೆ ಬೀಗ ಹಾಕುತ್ತದೆ. ಗುಳಿಗೆಯನ್ನು ಜಗಿಯಬಾರದು, ಒರಳಲ್ಲಿ ಕುಟ್ಟಬಾರದು, ಅರ್ಧಕ್ಕೆ ಮುರಿಯಬಾರದು ಎಂಬುದಕ್ಕೆ ಇದೇ ಕಾರಣ. ನುಂಗಲು ಕಷ್ಟವಾಗುವ ವೃದ್ಧರಿಗೆ ಪ್ರೀತಿಯಿಂದ ಪುಡಿ ಮಾಡಿ ಕೊಡುವ ಸೊಸೆಯಂದಿರು ತಿಳಿಯದೆಯೇ ಔಷಧವನ್ನು ವ್ಯರ್ಥಗೊಳಿಸುತ್ತಿರುತ್ತಾರೆ.

ಇನ್ನೂ ಮುಖ್ಯವಾದ ಮಾತು ಮುಂದಿದೆ. ಆ ಪಂಪುಗಳು ಸದಾಕಾಲ ದುಡಿಯುವುದಿಲ್ಲ. ಹೊಟ್ಟೆ ಖಾಲಿಯಿರುವಾಗ ಹೆಚ್ಚಿನವು ಕೋಶದೊಳಗೆ ಮಡಿಚಿಕೊಂಡು ಸುಮ್ಮನಿರುತ್ತವೆ. ಅನ್ನ ಒಳಗೆ ಬಿದ್ದಾಗ ಎಚ್ಚೆತ್ತು ಮೇಲ್ಮೈಗೆ ಬಂದು ಆಮ್ಲವನ್ನು ತಳ್ಳುತ್ತವೆ. ಎಚ್ಚೆತ್ತ ಪಂಪಿಗೆ ಮಾತ್ರ ಔಷಧವು ಬೀಗ ಹಾಕಬಲ್ಲದು. ಔಷಧವಾದರೋ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದೆರಡು ಗಂಟೆಗಳಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆದುದರಿಂದ ಅನ್ನ ಹೊಟ್ಟೆಗೆ ಬಿದ್ದು ಪಂಪುಗಳು ಏಳುವ ವೇಳೆಗೆ ಸರಿಯಾಗಿ ಔಷಧವು ರಕ್ತದಲ್ಲಿ ಸಿದ್ಧವಾಗಿರಬೇಕು. ಸಂತೆ ನೆರೆಯುವ ಮೊದಲೇ ಗಾಡಿ ಸಂತೆಯ ಬಯಲನ್ನು ಮುಟ್ಟಿರಬೇಕು. ಸಂತೆ ಕರಗಿದ ಮೇಲೆ ಬಂದಿಳಿದ ಸರಕಿಗೆ ಗಿರಾಕಿಯಿಲ್ಲ. ಊಟಕ್ಕೆ 30ರಿಂದ 60 ನಿಮಿಷ ಮೊದಲು ಗುಳಿಗೆಯನ್ನು ನುಂಗಬೇಕೆಂದು ವೈದ್ಯಶಾಸ್ತ್ರ ಹೇಳುವುದು ಈ ಲೆಕ್ಕಾಚಾರದಿಂದಲೇ. ನುಂಗಿದ ಮೇಲೆ ಊಟವನ್ನೇ ಮಾಡದಿದ್ದರೂ ಫಲ ಕಡಿಮೆ. ಊಟ ಮುಗಿದ ಮೇಲೆ ನುಂಗಿದರೂ ಫಲ ಕಡಿಮೆ. ಮಲಗುವ ಮುನ್ನ ಬರಿಹೊಟ್ಟೆಯಲ್ಲಿ ನುಂಗುವುದಂತೂ ಬಹುಪಾಲು ಹಣ ಕಳೆದಂತೆಯೇ. ಔಷಧ ಬರೆದುಕೊಡುವ ಅವಸರದಲ್ಲಿ ಈ ನಾಲ್ಕು ಮಾತನ್ನು ರೋಗಿಗೆ ಬಿಡಿಸಿ ಹೇಳುವವರು ಕಡಿಮೆಯಾಗಿರುವುದು ವಿಷಾದದ ಸಂಗತಿ.

ಒಮ್ಮೆಗೇ ಎಲ್ಲ ಪಂಪುಗಳೂ ಸಿಕ್ಕುವುದಿಲ್ಲ. ಪ್ರತಿದಿನ ಹೊಸ ಪಂಪುಗಳೂ ಹುಟ್ಟುತ್ತವೆ. ಆದ್ದರಿಂದ ಪೂರ್ಣ ಪರಿಣಾಮ ಕಾಣಲು ಮೂರರಿಂದ ಐದು ದಿನ ಬೇಕು. ಉರಿ ಬಂದ ದಿನ ಒಂದು ನುಂಗಿ, ತಕ್ಷಣ ಇಳಿಯಲಿಲ್ಲವೆಂದು ಮರುದಿನ ಬಿಡುವುದು ಈ ಔಷಧಕ್ಕೆ ಒಪ್ಪುವ ರೀತಿಯಲ್ಲ. ಸಾಮಾನ್ಯವಾಗಿ ವೈದ್ಯರು ಎಂಟು ವಾರಗಳ ಕಾಲ ದಿನಕ್ಕೊಂದರಂತೆ ಕೊಟ್ಟು ನೋಡುತ್ತಾರೆ. ಅಷ್ಟು ಕಾಲ ವೇಳೆ ತಪ್ಪದೆ ಸೇವಿಸಿದ ಮೇಲೆಯೇ ಔಷಧ ನಾಟಿತೋ ಇಲ್ಲವೋ ಎಂಬ ತೀರ್ಮಾನ.

ಇನ್ನು ಶ್ರಾವಕರ ದಿನಚರಿಗೆ ಇದನ್ನು ಹೊಂದಿಸುವ ವಿಚಾರ. ಸೂರ್ಯೋದಯದ ನಂತರ ಎರಡು ಘಳಿಗೆ ಅಂದರೆ 48 ನಿಮಿಷ ಕಳೆದು ಆಹಾರ, ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟದ ಮುಕ್ತಾಯ ಎಂಬುದು ಹಿರಿಯರು ಪಾಲಿಸಿಕೊಂಡು ಬಂದ ಕ್ರಮ. ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಭಾದ್ರಪದದ ಸೂರ್ಯ ಸುಮಾರು ಆರೂಕಾಲಕ್ಕೆ ಹುಟ್ಟುತ್ತಾನೆ. ಏಳು ಗಂಟೆ ದಾಟಿದ ಮೇಲೆ ಕಾಯಿಸಿದ ನೀರಿನೊಡನೆ ಗುಳಿಗೆ ನುಂಗಿ, ಬಸದಿಗೆ ಹೋಗಿ ದರ್ಶನ ಮಾಡಿ ಬಂದು ಎಂಟಕ್ಕೆ ನಾಷ್ಟಾ ಮಾಡಿದರೆ ನಡುವಿನ ಅಂತರ ತಾನಾಗಿಯೇ ಸರಿಹೋಗುತ್ತದೆ. ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆಗೆ ಬೀಳುವ ಮೊದಲ ಆಹಾರದ ವೇಳೆಗೇ ಪಂಪುಗಳು ಹೆಚ್ಚಾಗಿ ಏಳುವುದರಿಂದ, ದಿನಕ್ಕೊಂದೇ ಗುಳಿಗೆಯಿದ್ದರೆ ಬೆಳಗಿನ ಈ ವೇಳೆಯೇ ಉತ್ತಮ. ಆದರೆ ಬೆಳಿಗ್ಗೆ ಬರಿಯ ಚಹಾ ಕುಡಿದು ಮಧ್ಯಾಹ್ನವೇ ಊಟ ಮಾಡುವ ವ್ಯಾಪಾರಸ್ಥರು ಬಹಳ ಮಂದಿ. ಚಹಾ ಆಹಾರವಲ್ಲ. ಅಂಥವರು ಮಧ್ಯಾಹ್ನದ ಊಟಕ್ಕೆ ಮುಂಚೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ ನಿರ್ಧರಿಸಬೇಕು. ವೈದ್ಯರು ದಿನಕ್ಕೆರಡು ಬರೆದಿದ್ದರೆ ಎರಡನೆಯದು ಸಂಜೆಯ ಊಟಕ್ಕೆ ಅರ್ಧ ಗಂಟೆ ಮೊದಲು. ಐದೂವರೆಗೆ ಊಟವಾದರೆ ಐದಕ್ಕೆ ಗುಳಿಗೆ. ಫ್ಯಾಮೊಟಿಡಿನ್‌ ಅನ್ನು ‘ರಾತ್ರಿ ಮಲಗುವಾಗ’ ಎಂದು ಬರೆಯುವುದುಂಟು. ರಾತ್ರಿ ನೀರನ್ನೂ ಮುಟ್ಟದವರು ಆ ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಸೂರ್ಯಾಸ್ತದ ಮೊದಲಿನ ವೇಳೆಯನ್ನು ಹಾಕಿಕೊಡುತ್ತಾರೆ. ಅದರ ಪರಿಣಾಮ ಹತ್ತು ಹನ್ನೆರಡು ಗಂಟೆ ಇರುವುದರಿಂದ ಬಹುಪಾಲು ರಾತ್ರಿ ಕಳೆಯುತ್ತದೆ.

ರಾತ್ರಿಭೋಜನ ತ್ಯಾಗವೇ ಎದೆಯುರಿಗೆ ದೊಡ್ಡ ಸಹಾಯ ಎಂಬುದನ್ನು ಇಲ್ಲಿ ಹೇಳದಿರಲಾಗದು. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ ಎಂದು ಎಲ್ಲ ವೈದ್ಯರೂ ಹೇಳುತ್ತಾರೆ. ಶ್ರಾವಕರ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದಾದ ರಾತ್ರಿಭುಕ್ತಿ ತ್ಯಾಗವನ್ನು ಪಾಲಿಸುವವರಿಗೆ ಆ ಅಂತರ ಪ್ರಯತ್ನವಿಲ್ಲದೆ ದೊರೆಯುತ್ತದೆ. ವ್ರತದ ಉದ್ದೇಶ ಅಹಿಂಸೆ, ಆರೋಗ್ಯವಲ್ಲ. ಆದರೂ ದೊರೆತ ಲಾಭವನ್ನು ಬೇಡವೆನ್ನಬೇಕಾಗಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಅವಸರವಸರವಾಗಿ ಎರಡು ಹೊತ್ತಿನ ಅನ್ನವನ್ನು ಒಮ್ಮೆಗೇ ತುಂಬುವವರಿಗೆ ಮಾತ್ರ ಈ ಲಾಭವಿಲ್ಲ. ತುಂಬಿದ ಹೊಟ್ಟೆ ಕವಾಟವನ್ನು ತಳ್ಳುತ್ತದೆ. ಎಣ್ಣೆಯಲ್ಲಿ ಕರಿದದ್ದು ಜಠರದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರೆಂಟು ಅಂಗುಲ ಎತ್ತರದ ಮರದ ತುಂಡಿಡುವುದು, ಎಡಮಗ್ಗುಲಾಗಿ ಮಲಗುವುದು, ಹೊಟ್ಟೆಯ ಬೊಜ್ಜು ಕರಗಿಸುವುದು, ತಂಬಾಕು ಬಿಡುವುದು ಇವೆಲ್ಲ ಗುಳಿಗೆಗೆ ಬೆಂಬಲ. ತಲೆದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕತ್ತು ಬಾಗುತ್ತದೆಯೇ ಹೊರತು ಎದೆ ಏರುವುದಿಲ್ಲ.

ಉಪವಾಸದ ದಿನಗಳ ಪ್ರಶ್ನೆ ಸೂಕ್ಷ್ಮವಾದುದು. ಏಕಾಶನದಲ್ಲಿ ಒಂದೇ ಆಸನದಲ್ಲಿ ಆಹಾರ, ನೀರು ಎರಡೂ ಮುಗಿಯಬೇಕೆಂದು ಕಟ್ಟುನಿಟ್ಟಾಗಿ ನಡೆಯುವವರಿಗೆ, ಅರ್ಧ ಗಂಟೆ ಮೊದಲು ಗುಳಿಗೆ ನುಂಗುವುದಕ್ಕೆ ಎಡೆಯೇ ಇಲ್ಲ. ಪೂರ್ಣ ಉಪವಾಸದಲ್ಲಿ ಪಂಪುಗಳನ್ನು ಎಬ್ಬಿಸುವ ಅನ್ನವೇ ಇಲ್ಲ. ಆದರೂ ಆಮ್ಲ ಪೂರ್ಣವಾಗಿ ನಿಲ್ಲುವುದಿಲ್ಲ. ಇದಕ್ಕೆ ಪರ್ವದ ಮುನ್ನಾದಿನ ಉತ್ತರ ಹುಡುಕಿದರೆ ಆಗದು. ಹದಿನೈದು ದಿನ ಮೊದಲೇ ವೈದ್ಯರನ್ನೂ ಗುರುಗಳನ್ನೂ ಕಾಣಬೇಕು. ಊಟದ ವೇಳೆಗೆ ಅಷ್ಟಾಗಿ ಕಟ್ಟುಬೀಳದ ವೊನೊಪ್ರಜಾನ್ ಎಂಬ ಹೊಸ ಬಗೆಯ ಔಷಧ ಈಗ ಭಾರತದಲ್ಲಿಯೂ ದೊರೆಯುತ್ತದೆ. ಅದು ತಕ್ಕುದೋ ಅಲ್ಲವೋ ಎಂಬುದನ್ನು ವೈದ್ಯರೇ ಹೇಳಬೇಕು. ಔಷಧ ಮತ್ತು ಕಾಯಿಸಿದ ನೀರಿಗೆ ವಿನಾಯಿತಿ ಇಟ್ಟುಕೊಂಡು ನಿಯಮ ಸ್ವೀಕರಿಸುವ ರೂಢಿಯೂ ಸಮಾಜದಲ್ಲಿದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳೆರಡಕ್ಕೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಆಚಾರ್ಯರು ಸುಮ್ಮನೆ ಸೇರಿಸಿಲ್ಲ.

ಒಂದು ವರ್ಗದವರು ಮಾತ್ರ ತಾವಾಗಿಯೇ ಈ ಗುಳಿಗೆಯನ್ನು ಒಂದು ದಿನವೂ ಬಿಡಕೂಡದು. ಹೃದಯದ ನಾಳದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಂತಾದ ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೂ, ಮಂಡಿನೋವಿಗೆ ನಿತ್ಯ ನೋವಿನ ಗುಳಿಗೆ ನುಂಗುವವರಿಗೂ ಇದನ್ನು ಬರೆದಿರುವುದು ಎದೆಯುರಿಗಾಗಿ ಅಲ್ಲ, ಜಠರದಲ್ಲಿ ರಕ್ತಸ್ರಾವವಾಗದಿರಲೆಂದು. ಉರಿಯಿಲ್ಲವೆಂದು ಇದನ್ನು ಬಿಟ್ಟು, ಉಪವಾಸದ ಬರಿಹೊಟ್ಟೆಯಲ್ಲಿ ನೋವಿನ ಗುಳಿಗೆಯನ್ನು ಮಾತ್ರ ಮುಂದುವರಿಸುವುದು ಪ್ರಾಣಾಂತಿಕವಾಗಬಲ್ಲದು. ಕ್ಲೊಪಿಡೊಗ್ರೆಲ್ ಸೇವಿಸುವವರಿಗೆ ಒಮೆಪ್ರಜೋಲ್, ಇಸೊಮೆಪ್ರಜೋಲ್ ಹೊಂದುವುದಿಲ್ಲ. ವೈದ್ಯರು ಬರೆದ ಪ್ಯಾಂಟೊಪ್ರಜೋಲ್ ಬದಲಿಗೆ ‘ಎರಡೂ ಒಂದೇ’ ಎಂದು ಅಂಗಡಿಯವರು ಬೇರೆ ಕೊಟ್ಟರೆ ಒಪ್ಪಬಾರದು.

ಕ್ಯಾಪ್ಸೂಲಿನ ವಿಚಾರಕ್ಕೆ ಬಂದರೆ, ಸಾಮಾನ್ಯವಾಗಿ ಅದರ ಹೊರಚಿಪ್ಪು ಜೆಲಾಟಿನ್‌ನಿಂದ ಆದುದು. ಜೆಲಾಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಅಂಟು. ಒಮೆಪ್ರಜೋಲ್ ಹೆಚ್ಚಾಗಿ ಕ್ಯಾಪ್ಸೂಲಿನಲ್ಲಿಯೇ ಬರುತ್ತದೆ. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್‌ಗಳು ಗುಳಿಗೆಯ ರೂಪದಲ್ಲಿ ಸುಲಭವಾಗಿ ಸಿಗುವುದರಿಂದ ವೈದ್ಯರಿಗೆ ಹೇಳಿ ಗುಳಿಗೆಯನ್ನೇ ಬರೆಸಿಕೊಳ್ಳಬಹುದು. ಸಸ್ಯಮೂಲದ ಸೆಲ್ಯುಲೋಸ್ ಚಿಪ್ಪಿನ ಕ್ಯಾಪ್ಸೂಲುಗಳೂ ಇವೆ. ಅಂಗಡಿಯಲ್ಲಿ ವಿಚಾರಿಸಿ ಪೆಟ್ಟಿಗೆಯ ಮೇಲಿನ ಬರಹವನ್ನು ಓದಬೇಕು. ಬೇರೆ ದಾರಿಯಿಲ್ಲದಾಗ ಒಮೆಪ್ರಜೋಲ್ ಕ್ಯಾಪ್ಸೂಲನ್ನು ಬಿಚ್ಚಿ, ಒಳಗಿನ ಕಾಳುಗಳನ್ನು ಜಗಿಯದೆ, ಒಂದು ಚಮಚ ಮೆತ್ತನೆಯ ಹಣ್ಣಿನ ತಿರುಳಿನೊಡನೆ ತಕ್ಷಣ ನುಂಗಬಹುದು. ಲೇಪನವಿರುವುದು ಆ ಕಾಳುಗಳಿಗೇ. ಆದರೆ ಎಲ್ಲ ಕ್ಯಾಪ್ಸೂಲುಗಳನ್ನೂ ಹೀಗೆ ಬಿಚ್ಚುವಂತಿಲ್ಲವಾದುದರಿಂದ ಮೊದಲು ಕೇಳಬೇಕು.

ಹೆಸರಿನ ತುದಿಯಲ್ಲಿ ‘ಡಿ’ ಅಥವಾ ‘ಡಿ.ಎಸ್.ಆರ್.’ ಎಂದಿರುವವುಗಳಲ್ಲಿ ಡೊಂಪೆರಿಡೋನ್ ಎಂಬ ಇನ್ನೊಂದು ಔಷಧ ಬೆರೆತಿರುತ್ತದೆ. ಅದು ವಾಕರಿಕೆಗೆ ಒಳ್ಳೆಯದು, ಆದರೆ ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲದು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2014ರಲ್ಲಿ ಅದನ್ನು ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಕೊಡಬಾರದೆಂದು ಸೂಚಿಸಿತು. ಇಲ್ಲಿ ವೃದ್ಧರು ಅದನ್ನೇ ವರ್ಷಗಟ್ಟಲೆ ಚೀಟಿಯಿಲ್ಲದೆ ಕೊಂಡು ನುಂಗುತ್ತಿರುವುದು ಆತಂಕಕಾರಿ.

ದೀರ್ಘಕಾಲ ಸೇವಿಸುವವರು ಬಿ-12 ಜೀವಸತ್ವವನ್ನು ಮರೆಯಬಾರದು. ಅನ್ನದಲ್ಲಿರುವ ಬಿ-12 ಬಿಡಿಸಿಕೊಳ್ಳಲು ಆಮ್ಲ ಬೇಕು. ಶುದ್ಧ ಸಸ್ಯಾಹಾರಿಗಳಿಗೆ ಹಾಲು ಮೊಸರಿನ ಹೊರತು ಅದರ ಮೂಲವೇ ಕಡಿಮೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇರಿದರೆ ಕೊರತೆ ಇನ್ನೂ ಹೆಚ್ಚು. ಅಂಗಾಲು ಜೋಮು ಹಿಡಿಯುವುದು, ಮರೆವು, ನಿಶ್ಶಕ್ತಿಗಳನ್ನು ಮುಪ್ಪೆಂದು ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸಬೇಕು. ಥೈರಾಯಿಡ್ ಗುಳಿಗೆ ಸೇವಿಸುವವರು ಬಿಳಿಯ ಔಷಧಕ್ಕೂ ಅದಕ್ಕೂ ನಾಲ್ಕು ಗಂಟೆಗಳ ಅಂತರವಿಡಬೇಕು. ತಿಂಗಳುಗಟ್ಟಲೆ ಸೇವಿಸಿದ ಪ್ರಜೋಲ್ ಅನ್ನು ಥಟ್ಟನೆ ಬಿಟ್ಟರೆ ಆಮ್ಲ ಕೆಲಕಾಲ ಮೊದಲಿಗಿಂತ ಹೆಚ್ಚಾಗಿ ಉಕ್ಕುವುದುಂಟು. ಇದು ರೋಗ ಮರಳಿದುದಲ್ಲ. ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಿದರೆ ಸಾಕು.

ಯಾವ ಗುಳಿಗೆಗೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕಾದ ಸಂದರ್ಭಗಳಿವೆ. ಎದೆ ಹಿಂಡಿದಂತಾಗಿ ಬೆವರು ಬಿಡುವುದು, ನೋವು ಎಡತೋಳಿಗೋ ದವಡೆಗೋ ಹರಿಯುವುದು ಹೃದಯಾಘಾತವಿರಬಹುದು. ಗ್ಯಾಸ್ ಎಂದು ಸೋಡಾ ಕುಡಿಸಿ ಕೂರಿಸುವ ಒಂದು ಗಂಟೆಯೇ ಪ್ರಾಣ ಉಳಿಯುವ ಗಂಟೆ. ರಕ್ತವಾಂತಿ ಅಥವಾ ಡಾಂಬರಿನಂತೆ ಕಪ್ಪಾದ ಮಲವಾದರೂ ತಡಮಾಡಬಾರದು. ತುತ್ತು ನುಂಗಲು ಅಡ್ಡಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಕಂಡರೆ ಎಂಡೋಸ್ಕೋಪಿ ಪರೀಕ್ಷೆಯ ಅಗತ್ಯವಿರುತ್ತದೆ. ಜಠರದ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ ಮಾರ್ಷಲ್, ವಾರೆನ್ ಇಬ್ಬರಿಗೆ 2005ರಲ್ಲಿ ನೊಬೆಲ್ ಬಂದಿತು. ಹುಣ್ಣಿದ್ದರೆ ಬೇಕಾದ ಚಿಕಿತ್ಸೆಯೇ ಬೇರೆ, ಬರಿಯ ಎದೆಯುರಿಯ ಗುಳಿಗೆ ಅದನ್ನು ಮರೆಮಾಚೀತು.

ಅಕ್ಕಲಕೋಟೆಯ ಕಡೆಯ ಆ ಹಿರಿಯರ ಔಷಧ ಬದಲಾಗಲಿಲ್ಲ. ಅದೇ ಪ್ಯಾಂಟೊಪ್ರಜೋಲ್, ಅದೇ 40 ಮಿಲಿಗ್ರಾಂ. ಡಬ್ಬಿ ಮಾತ್ರ ಊಟದ ಮಣೆಯ ಬಳಿಯಿಂದ, ಬಸದಿಗೆ ಹೊರಡುವಾಗ ಕೈಗೆ ಸಿಗುವ ಜಪಮಾಲೆಯ ಗೂಡಿಗೆ ಹೋಯಿತು. ಎರಡನೆಯ ವಾರದಿಂದ ಅವರು ಮಲಗಿ ನಿದ್ರಿಸತೊಡಗಿದರು. ಮರುವರ್ಷದ ದಶಲಕ್ಷಣದಲ್ಲಿ ಮುನಿಮಹಾರಾಜರ ಸನ್ನಿಧಿಯಲ್ಲಿ ಔಷಧಕ್ಕೆ ವಿನಾಯಿತಿ ಕೇಳಿ, ಪಂಚಮಿ, ಅಷ್ಟಮಿ, ಚತುರ್ದಶಿಗಳಲ್ಲಿ ಮಾತ್ರ ಏಕಾಶನ ಹಿಡಿದರು. ಅನಂತ ಚತುರ್ದಶಿಯ ಅಭಿಷೇಕ ಮುಗಿಯುವವರೆಗೆ ಬಸದಿಯಲ್ಲಿಯೇ ಇದ್ದರು.